ಓಡುವಾಗಲೇ ಆಫ್ ಆಗುವ ಹಳೆಯ ಇಂಜೆಕ್ಷನ್ ಕಾರು: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವುದು ಪೆಟ್ರೋಲ್ ಇಂಜೆಕ್ಷನ್ ಕಾರುಗಳ ವಿಷಯ, ಅದರಲ್ಲೂ 1980ರ ದಶಕದ ಕೊನೆಯಿಂದ 2000ದ ದಶಕದ ಮಧ್ಯದವರೆಗೆ ಬಂದವುಗಳದ್ದು. ಆಕ್ಸಿಲರೇಟರ್‌ಗೆ ಕೇಬಲ್, ಇಂಜೆಕ್ಟರ್‌ಗಳಿಗೆ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್), ಟ್ಯಾಂಕಿನೊಳಗೆ ಕರೆಂಟಿನ ಪಂಪು, ಹೀಗಿರುವ ಕಾರುಗಳು. ಕೊಟ್ಟಿರುವ ಅಳತೆಗಳು ಸಾಮಾನ್ಯವಾಗಿ ಕಾಣಸಿಗುವವು. ನಿಮ್ಮ ಮಾದರಿಯ ವರ್ಕ್‌ಶಾಪ್ ಮ್ಯಾನ್ಯುಯಲ್‌ನಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಹಿಡಿಯಿರಿ.

ಕಾರು ತಾನಾಗಿ ಆಫ್ ಆಗುತ್ತದೆ, ಹತ್ತು ನಿಮಿಷ ಬಿಟ್ಟರೆ ಏನೂ ಆಗದ ಹಾಗೆ ಸ್ಟಾರ್ಟ್ ಆಗುತ್ತದೆ. ಗ್ಯಾರೇಜಿನಲ್ಲಿ ನೋಡಿದರೆ ಎಲ್ಲ ಸರಿ ಇದೆ ಅನ್ನುತ್ತಾರೆ. ಎಲ್ಲಿಂದ ಶುರು ಮಾಡಲಿ?

ಚೆನ್ನಾಗಿ ಓಡುತ್ತಿರುವ ಎಂಜಿನ್ನನ್ನು ಎಷ್ಟು ಪರೀಕ್ಷಿಸಿದರೂ ಸರಿಯಾಗಿದೆ ಅಂತಲೇ ಉತ್ತರ ಬರುತ್ತದೆ. ಗ್ಯಾರೇಜಿನವರು ಸುಳ್ಳು ಹೇಳುತ್ತಿಲ್ಲ. ದೋಷ ಕಾಣಿಸುವುದು ಎಂಜಿನ್ ನಿಂತ ಕ್ಷಣದಿಂದ ಅದು ಮತ್ತೆ ಸ್ಟಾರ್ಟ್ ಆಗುವವರೆಗೆ ಮಾತ್ರ. ಕೆಲವು ಸಲ ಅದು ಹತ್ತು ನಿಮಿಷ, ಕೆಲವು ಸಲ ಬರೀ ಹತ್ತು ಸೆಕೆಂಡು. ಹಾಗಾಗಿ ಆ ಹೊತ್ತಿಗೆ ಏನು ನೋಡಬೇಕು ಎಂಬುದನ್ನು ಮೊದಲೇ ತೀರ್ಮಾನಿಸಿ, ಬೇಕಾದ ವೈರು, ಬಲ್ಬು, ಗೇಜು ಎಲ್ಲ ಜೋಡಿಸಿಟ್ಟುಕೊಂಡೇ ಕಾರು ಹೊರಗೆ ತೆಗೆಯಬೇಕು.

ಹುಡುಕಬೇಕಾದ ಉತ್ತರ ಒಂದೇ: ನಿಂತಾಗ ಇಲ್ಲವಾದದ್ದು ಸ್ಪಾರ್ಕೋ, ಪೆಟ್ರೋಲೋ, ಎರಡೂನೋ? ಇದು ಗೊತ್ತಾದರೆ ಇಪ್ಪತ್ತು ಅನುಮಾನಗಳು ಮೂರು ನಾಲ್ಕಕ್ಕೆ ಇಳಿಯುತ್ತವೆ. ಗೊತ್ತಾಗುವ ಮೊದಲೇ ಬಿಡಿಭಾಗ ಬದಲಿಸಲು ಹೊರಟರೆ ದುಡ್ಡೂ ಹೋಗುತ್ತದೆ, ಕಾರಿನ ಮೇಲಿನ ನಂಬಿಕೆಯೂ ಹೋಗುತ್ತದೆ.

ಆಫ್ ಆಗುವ ರೀತಿಯಲ್ಲೇ ಸುಳಿವು ಸಿಗುತ್ತದೆಯೇ?

ಸಿಗುತ್ತದೆ. ಕೀ ತಿರುಗಿಸಿ ಆಫ್ ಮಾಡಿದ ಹಾಗೆ, ಒಂದು ಜರ್ಕ್ ಕೂಡ ಇಲ್ಲದೆ ತಟ್ಟನೆ ನಿಂತರೆ ಅದು ಬಹುಪಾಲು ಕರೆಂಟಿನ ದೋಷ. ಕ್ರ್ಯಾಂಕ್ ಸೆನ್ಸರ್ (ಎಂಜಿನ್ ತಿರುಗುತ್ತಿದೆ ಎಂದು ಇಸಿಯುವಿಗೆ ತಿಳಿಸುವುದು), ಇಗ್ನಿಷನ್ ಸ್ವಿಚ್, ಮೇನ್ ರಿಲೇ (ಇಸಿಯುವಿಗೆ ಕರೆಂಟು ಕೊಡುವ ಸ್ವಿಚ್ಚು), ಇಸಿಯುವಿನ ಅರ್ತ್ (ಬಾಡಿಗೆ ಜೋಡಿಸಿದ ಮೈನಸ್ ವೈರು), ಸ್ಪಾರ್ಕಿಗೆ ಬೇಕಾದ ವೋಲ್ಟೇಜ್ ಕೊಡುವ ಕಾಯಿಲ್‌ಗೆ ಹೋಗುವ ವೈರು ಇವು ಆ ಸಾಲಿನವು.

ಮೊದಲು ಪಿಕಪ್ ಕುಗ್ಗಿ, ಒಂದೆರಡು ಸಲ ಜಗ್ಗಿ, ಆಕ್ಸಿಲರೇಟರ್ ಒತ್ತಿದಷ್ಟೂ ಸೊರಗಿ ಕೊನೆಗೆ ನಿಂತರೆ ಪೆಟ್ರೋಲ್ ಸಾಲುತ್ತಿಲ್ಲ ಎಂದು ಹಿಡಿಯಿರಿ. ಏರು ಹತ್ತುವಾಗ, ವೇಗವಾಗಿ ಹೋಗುವಾಗ ಹೀಗಾಗುವುದು ಹೆಚ್ಚು.

ರಸ್ತೆಯ ಮೇಲೆ ಚೆನ್ನಾಗಿ ಓಡಿ, ಕಾಲು ತೆಗೆದು ನಿಲ್ಲಿಸಲು ಹೋದಾಗ ಮಾತ್ರ ಆರ್‌ಪಿಎಂ ಪೂರ್ತಿ ಕೆಳಗಿಳಿದು ಆಫ್ ಆದರೆ ಅದು ಐಡ್ಲಿಂಗಿನ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವುದರ) ತೊಂದರೆ. ಅದರ ಕಾರಣಗಳೇ ಬೇರೆ, ಕೆಳಗೆ ಪ್ರತ್ಯೇಕವಾಗಿ ಇವೆ. ಈ ಮೂರನ್ನು ಒಂದಕ್ಕೊಂದು ಬೆರೆಸಿದರೆ ತಿಂಗಳುಗಟ್ಟಲೆ ಅಲೆದಾಟ.

ಒಂದು ಪುಟ್ಟ ಪುಸ್ತಕ ಕಾರಿನಲ್ಲಿಟ್ಟು ಪ್ರತಿ ಸಲವೂ ಬರೆದಿಡಿ: ಎಂಜಿನ್ ಬಿಸಿಯಾಗಿತ್ತೇ, ಓಡಿ ಎಷ್ಟು ಹೊತ್ತಾಗಿತ್ತು, ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟಿತ್ತು, ಮಳೆಯಿತ್ತೇ, ಹಳ್ಳ ದಿಣ್ಣೆ ಹಾಯ್ದದ್ದುಂಟೇ, ಮತ್ತೆ ಸ್ಟಾರ್ಟ್ ಆಗಲು ಎಷ್ಟು ನಿಮಿಷ ಬೇಕಾಯಿತು. ನಾಲ್ಕೈದು ಸಲ ಬರೆದ ಮೇಲೆ ಏನೋ ಒಂದು ಲಯ ಕಾಣಿಸಿಯೇ ಕಾಣಿಸುತ್ತದೆ.

ನಿಲ್ಲುವಾಗ ಆರ್‌ಪಿಎಂ ಮುಳ್ಳು ನೋಡಿ ಅನ್ನುತ್ತಾರೆ, ಏಕೆ?

ಕಾರು ಗೇರಿನಲ್ಲಿದ್ದು ಕ್ಲಚ್ ಒತ್ತದೆ ಇದ್ದರೆ, ಎಂಜಿನ್ ಉರಿಯುವುದು ನಿಂತರೂ ಚಕ್ರಗಳು ಅದನ್ನು ತಿರುಗಿಸುತ್ತಲೇ ಇರುತ್ತವೆ. ಆಗ ಮುಳ್ಳು ಕಾರಿನ ವೇಗಕ್ಕೆ ತಕ್ಕ ಹಾಗೆ ನಿಧಾನವಾಗಿ ಇಳಿಯಬೇಕು. ಹಾಗಾಗದೆ, ಎಂಜಿನ್ ತಿರುಗುತ್ತಿರುವಾಗಲೇ ಮುಳ್ಳು ಸೊನ್ನೆಗೆ ಬಿದ್ದರೆ ಎಂಜಿನ್ ತಿರುಗುತ್ತಿದೆ ಎಂಬ ಸುದ್ದಿಯೇ ಮುಂದಕ್ಕೆ ಹೋಗುತ್ತಿಲ್ಲ ಎಂದರ್ಥ. ಮೊದಲ ಅನುಮಾನ ಕ್ರ್ಯಾಂಕ್ ಸೆನ್ಸರ್ ಮೇಲೆ. ಡಿಸ್ಟ್ರಿಬ್ಯೂಟರ್ (ಸ್ಪಾರ್ಕನ್ನು ಪ್ಲಗ್ಗುಗಳಿಗೆ ಹಂಚುವ ಭಾಗ) ಇರುವ ಕಾರಾದರೆ ಅದರೊಳಗಿನ, ಅದೇ ಕೆಲಸ ಮಾಡುವ ಪಿಕಪ್ ಕಾಯಿಲ್ ಅಥವಾ ಹಾಲ್ ಸೆನ್ಸರ್ ಮೇಲೆ.

ಮುಳ್ಳು ಸರಿಯಾಗಿ ತೋರಿಸುತ್ತಲೇ ಎಂಜಿನ್ ಸತ್ತರೆ ಪೆಟ್ರೋಲ್ ಕಡೆ ತಿರುಗಿ. ಹಲವು ಹಳೆಯ ಕಾರುಗಳಲ್ಲಿ ಆರ್‌ಪಿಎಂ ಮೀಟರ್‌ಗೆ ಸಿಗ್ನಲ್ ಬರುವುದು ಕಾಯಿಲ್‌ನ ಮೈನಸ್ ತುದಿಯಿಂದ ಎಂಬುದು ನೆನಪಿರಲಿ. ಅಂಥವುಗಳಲ್ಲಿ ಮುಳ್ಳು ಬಿದ್ದರೆ ಇಗ್ನೈಟರ್ (ಕಾಯಿಲ್ ಅನ್ನು ಆನ್ ಆಫ್ ಮಾಡುವ ಎಲೆಕ್ಟ್ರಾನಿಕ್ ಸ್ವಿಚ್ಚು) ಅಥವಾ ಕಾಯಿಲ್‌ಗೆ ಬರುವ ಕರೆಂಟೂ ಕಾರಣವಿರಬಹುದು. ಆಟೋಮ್ಯಾಟಿಕ್ ಗೇರಿನ ಕಾರಿನಲ್ಲಿ ಎಂಜಿನ್ ಬೇಗ ನಿಂತುಬಿಡುವುದರಿಂದ ಈ ಪರೀಕ್ಷೆಯನ್ನು ಅಷ್ಟಾಗಿ ನಂಬಲಾಗುವುದಿಲ್ಲ.

ರಸ್ತೆ ಮಧ್ಯೆ ಆಫ್ ಆದರೆ ಮೊದಲು ಏನು ಮಾಡಬೇಕು?

ಮೊದಲು ಜೀವ. ಹಜಾರ್ಡ್ ಲೈಟ್ ಹಾಕಿ, ಕಾರು ಉರುಳುತ್ತಿರುವಾಗಲೇ ಪಕ್ಕಕ್ಕೆ ತನ್ನಿ. ಬ್ರೇಕ್ ಬೂಸ್ಟರಿನಲ್ಲಿ ಉಳಿದ ವ್ಯಾಕ್ಯೂಮ್ ಎರಡು ಮೂರು ಸಲದ ಒತ್ತಿಗಷ್ಟೇ ಸಾಲುತ್ತದೆ. ಪದೇ ಪದೇ ಒತ್ತಿ ಬಿಡಬೇಡಿ, ಒಮ್ಮೆ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಸ್ಟೀರಿಂಗ್ ಭಾರವಾಗುತ್ತದೆ, ಆದರೆ ತಿರುಗುತ್ತದೆ. ಕಾರು ಚಲಿಸುತ್ತಿರುವಾಗ ಕೀಯನ್ನು ಲಾಕ್ ತನಕ ತಿರುಗಿಸಲೇಬಾರದು, ಸ್ಟೀರಿಂಗ್ ಲಾಕ್ ಆಗಿಬಿಡುತ್ತದೆ.

ಸುರಕ್ಷಿತವಾಗಿ ನಿಂತ ಮೇಲೆ, ಆತುರಕ್ಕೆ ಬಿದ್ದು ಹತ್ತು ಸಲ ಸೆಲ್ಫ್ ಹೊಡೆಯುವ ಮೊದಲು ಹೀಗೆ ಮಾಡಿ. ಕೀ ಆನ್ ಮಾಡಿ ಸುಮ್ಮನಿರಿ. ಚೆಕ್ ಎಂಜಿನ್ ಲೈಟ್ ಹೊತ್ತಿತೇ? ಹೊತ್ತದಿದ್ದರೆ ಇಸಿಯುವಿಗೇ ಕರೆಂಟಿಲ್ಲ, ಮೇನ್ ರಿಲೇ, ಫ್ಯೂಸ್, ಇಗ್ನಿಷನ್ ಸ್ವಿಚ್ ನೋಡಿ. ಹಿಂದಿನ ಸೀಟಿನ ಕೆಳಗಿನಿಂದ ಪಂಪು ಎರಡು ಸೆಕೆಂಡು ಗುಂಯ್ ಅಂದಿತೇ? ಎಷ್ಟೋ ಕಾರುಗಳಲ್ಲಿ ಕೀ ಆನ್ ಮಾಡಿದ ಕೂಡಲೇ ಈ ಸದ್ದು ಬರುತ್ತದೆ. ಸರಿ ಇರುವ ದಿನವೇ ಕೇಳಿ ಅಭ್ಯಾಸ ಮಾಡಿಕೊಂಡಿರಿ. ಬಳಿಕ ಒಮ್ಮೆ ಮಾತ್ರ, ಐದು ಸೆಕೆಂಡು ಸೆಲ್ಫ್ ಹೊಡೆದು ಮುಳ್ಳು ಅಲುಗುತ್ತದೆಯೇ ನೋಡಿ. ಸ್ವಲ್ಪವಾದರೂ ಮೇಲೇಳಬೇಕು.

ಸ್ಪಾರ್ಕ್ ನೋಡಲು ಸ್ಪಾರ್ಕ್ ಟೆಸ್ಟರ್ ಇಟ್ಟುಕೊಳ್ಳಿ. ಪ್ಲಗ್ ವೈರನ್ನು ಕೈಯಲ್ಲಿ ಹಿಡಿದು ಬಾಡಿಗೆ ತಾಗಿಸಿ ನೋಡುವ ಹಳೆಯ ಪದ್ಧತಿ ಇಂಜೆಕ್ಷನ್ ಕಾರಿಗೆ ಬೇಡ. ಹೊಡೆತ ಬಲವಾಗಿರುತ್ತದೆ, ಇಗ್ನೈಟರ್ ಕೂಡ ಸುಡಬಹುದು.

ಒಬ್ಬನೇ ಇರುವಾಗ ಇಷ್ಟೆಲ್ಲ ಆಗುವುದಿಲ್ಲ. ಸುಲಭದ ದಾರಿ ಇದೆಯೇ?

ಇದೆ. ಡ್ಯಾಶ್‌ಬೋರ್ಡ್ ಮೇಲೆ ಎರಡು ಬಲ್ಬು ಕಟ್ಟುವುದು. ಇಂಥ ದೋಷ ಹಿಡಿಯಲು ಇದರಷ್ಟು ಅಗ್ಗದ, ಇದರಷ್ಟು ನೆಚ್ಚಿನ ಉಪಾಯ ಇನ್ನೊಂದಿಲ್ಲ.

12 ವೋಲ್ಟ್‌ನ 5 ವ್ಯಾಟ್ ಬಲ್ಬು ಎರಡು, ಹೋಲ್ಡರ್ ಸಮೇತ. ಮೊದಲನೆಯದರ ಒಂದು ತುದಿ ಪಂಪಿಗೆ ಹೋಗುವ ಪ್ಲಸ್ ವೈರಿಗೆ, ಇನ್ನೊಂದು ಬಾಡಿಗೆ. ಎರಡನೆಯದು ಇಗ್ನಿಷನ್ ಕಾಯಿಲ್‌ನ ಪ್ಲಸ್ ವೈರಿಗೆ, ಇನ್ನೊಂದು ತುದಿ ಬಾಡಿಗೆ. ವೈರು ಜೋಡಿಸಿದ ಜಾಗದ ಪಕ್ಕದಲ್ಲೇ 1 ಆಂಪಿಯರ್ ಫ್ಯೂಸ್ ಇರಲಿ. ವೈರು ಎಲ್ಲಾದರೂ ಉಜ್ಜಿ ಶಾರ್ಟ್ ಆದರೆ ಪಂಪಿನ ಫ್ಯೂಸ್ ಹಾರದೆ ಇದೇ ಹಾರುತ್ತದೆ. ಬಾನೆಟ್ಟಿನ ಅಂಚಿನಲ್ಲಿ ವೈರು ಚಚ್ಚಿಹೋಗದ ಹಾಗೆ ಒಳಗೆ ತಂದು, ರಸ್ತೆ ನೋಡುವುದಕ್ಕೆ ಅಡ್ಡ ಬಾರದ ಕಡೆ ಅಂಟಿಸಿ. ಪಂಪಿನ ಬಲ್ಬಿಗೆ ಕೆಂಪು ಟೇಪು, ಕಾಯಿಲ್‌ನದಕ್ಕೆ ಹಳದಿ. ಇನ್ನು ಕಾರು ನಿಲ್ಲುವುದನ್ನು ಕಾಯುವುದು.

ಎರಡೂ ಬಲ್ಬು ಒಟ್ಟಿಗೇ ಆರಿದರೆ ಇಗ್ನಿಷನ್ ಸ್ವಿಚ್, ಮೇನ್ ರಿಲೇ ಅಥವಾ ಬ್ಯಾಟರಿಯಿಂದ ಬರುವ ಮುಖ್ಯ ವೈರು. ಕೆಂಪು ಮೊದಲು ಆರಿ, ಆಮೇಲೆ ಒಂದೆರಡು ಸೆಕೆಂಡು ಎಂಜಿನ್ ಜಗ್ಗಿ ನಿಂತರೆ ಪಂಪ್ ರಿಲೇ, ಅದರ ಫ್ಯೂಸ್ ಅಥವಾ ಅಲ್ಲಿಂದ ಹೊರಟ ವೈರು. ಎಂಜಿನ್ ಮೊದಲು ಸತ್ತು, ಕೆಂಪು ಒಂದೆರಡು ಸೆಕೆಂಡು ತಡವಾಗಿ ಆರಿದರೆ ಪಂಪಿನದೂ ರಿಲೇಯದೂ ತಪ್ಪಿಲ್ಲ. ಎಂಜಿನ್ ತಿರುಗುವ ಸುದ್ದಿ ಬಾರದಿದ್ದರೆ ಇಸಿಯು ತಾನೇ ಪಂಪನ್ನು ಆಫ್ ಮಾಡುತ್ತದೆ. ಅಪಘಾತವಾದಾಗ ಪೆಟ್ರೋಲ್ ಸುರಿಯಬಾರದು ಎಂದೇ ಆ ವ್ಯವಸ್ಥೆ. ಈ ಒಂದು ವಿಷಯ ಗೊತ್ತಿಲ್ಲದೆ ಒಳ್ಳೆಯ ಪಂಪುಗಳನ್ನು ಬದಲಿಸಿದವರು ಬಹಳ. ‘ನಿಂತಾಗ ಪಂಪಿಗೆ ಕರೆಂಟಿರಲಿಲ್ಲ’ ಎಂಬುದರಿಂದ ಏನೂ ಸಾಬೀತಾಗುವುದಿಲ್ಲ, ಯಾವುದು ಮೊದಲು ಹೋಯಿತು ಎಂಬುದರಿಂದ ಎಲ್ಲವೂ ತಿಳಿಯುತ್ತದೆ.

ಎರಡೂ ಬಲ್ಬು ಉರಿಯುತ್ತಲೇ ಎಂಜಿನ್ ಸೊರಗಿ ನಿಂತರೆ ಪಂಪು, ಫಿಲ್ಟರ್, ಟ್ಯಾಂಕು ನೋಡಿ. ಪಂಪಿನ ಅರ್ತ್ ವೈರನ್ನೂ ಮರೆಯಬೇಡಿ. ಅದು ಬಿಟ್ಟಿದ್ದರೂ ಬಲ್ಬು ಉರಿಯುತ್ತಲೇ ಇರುತ್ತದೆ.

ಚೆಕ್ ಎಂಜಿನ್ ಲೈಟ್ ಬರಲೇ ಇಲ್ಲ, ಸ್ಕ್ಯಾನರ್‌ನಲ್ಲಿ ಕೋಡೂ ಇಲ್ಲ. ಹಾಗಾದರೆ ಸೆನ್ಸರ್‌ಗಳೆಲ್ಲ ಸರಿ ಇವೆಯೇ?

ಹಾಗೆ ಹೇಳಲಾಗದು. ಕ್ರ್ಯಾಂಕ್ ಸಿಗ್ನಲ್ ತಟ್ಟನೆ ನಿಂತರೆ ಎಷ್ಟೋ ಇಸಿಯುಗಳು ‘ಎಂಜಿನ್ ಆಫ್ ಆಯಿತು’ ಎಂದಷ್ಟೇ ತಿಳಿಯುತ್ತವೆ, ಕೋಡ್ ಬರೆಯುವುದಿಲ್ಲ. ಮೇನ್ ರಿಲೇ ಬಿಟ್ಟುಹೋದರಂತೂ ಕೋಡ್ ಬರೆಯಲು ಇಸಿಯುವೇ ಎಚ್ಚರವಿರುವುದಿಲ್ಲ. ಪಂಪಿನ ಒತ್ತಡ ಅಳೆಯುವ ಸೆನ್ಸರ್ ಈ ಕಾಲದ ಬಹುಪಾಲು ಕಾರುಗಳಲ್ಲಿ ಇಲ್ಲ, ಹಾಗಾಗಿ ಪಂಪು ಸೊರಗಿದ್ದು ಅದಕ್ಕೆ ನೇರವಾಗಿ ತಿಳಿಯದು.

ಅಮೆರಿಕದಲ್ಲಿ ಮಾರಿದ ಕಾರುಗಳಿಗೆ 1996ರ ಮಾದರಿಯಿಂದ, ಯೂರೋಪಿನ ಹೊಸ ಪೆಟ್ರೋಲ್ ಕಾರುಗಳಿಗೆ 2001ರ ಹೊತ್ತಿಗೆ ಒಂದೇ ಬಗೆಯ 16 ಪಿನ್ನಿನ ಡಯಾಗ್ನೋಸ್ಟಿಕ್ ಸಾಕೆಟ್ ಕಡ್ಡಾಯವಾಯಿತು. ಅದಕ್ಕಿಂತ ಹಳೆಯವಾದರೆ ಹಲವುಗಳಲ್ಲಿ ಎರಡು ಪಿನ್ ಜೋಡಿಸಿ, ಲೈಟು ಮಿಣುಕುವುದನ್ನು ಎಣಿಸಿ ಕೋಡ್ ಓದಬೇಕು. ಯಾವ ಪಿನ್ ಎಂಬುದು ಮ್ಯಾನ್ಯುಯಲ್‌ನಲ್ಲಿರುತ್ತದೆ, ಊಹೆಯ ಮೇಲೆ ಜೋಡಿಸಬೇಡಿ.

ಸಿಕ್ಕರೆ ಉಪಯೋಗಕ್ಕೆ ಬರುವ ಕೋಡುಗಳು: ಕ್ರ್ಯಾಂಕ್ ಸೆನ್ಸರ್‌ಗೆ ಪಿ0335, ಕ್ಯಾಮ್ ಸೆನ್ಸರ್‌ಗೆ ಪಿ0340, ಐಡ್ಲಿಂಗ್ ನಿಯಂತ್ರಣಕ್ಕೆ ಪಿ0505, ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾದರೆ ಪಿ0171. ಆದರೆ ಕೋಡ್ ತೋರಿಸುವುದು ದೋಷ ಇರುವ ಸರ್ಕ್ಯೂಟನ್ನು. ಪಿ0335 ಬಂದರೆ ಸೆನ್ಸರ್ ಕೆಟ್ಟಿರಬಹುದು, ಅದರ ವೈರು ಎಕ್ಸಾಸ್ಟ್‌ಗೆ ತಾಗಿ ಕರಗಿಯೂ ಇರಬಹುದು.

ಕ್ರ್ಯಾಂಕ್ ಸೆನ್ಸರ್ ಪರೀಕ್ಷಿಸುವುದು ಹೇಗೆ?

ಎಂಜಿನ್ ಬಿಸಿಯಾದ ಮೇಲೆ ತಟ್ಟನೆ ನಿಂತು, ಕಾಲು ಗಂಟೆ ಆರಿದ ಮೇಲೆ ಸ್ಟಾರ್ಟ್ ಆಗುವ ಕಾರಿನಲ್ಲಿ ಮೊದಲು ನೋಡಬೇಕಾದದ್ದು ಇದು. ಸೆನ್ಸರ್ ಒಳಗೆ ಕೂದಲೆಳೆಯಂಥ ತಾಮ್ರದ ತಂತಿಯ ಸುರುಳಿ ಇರುತ್ತದೆ. ವರ್ಷಗಟ್ಟಲೆ ಬಿಸಿಯಾಗಿ ತಣ್ಣಗಾಗಿ ಎಲ್ಲೋ ಒಂದು ಕಡೆ ಬಿರುಕು ಬಿಡುತ್ತದೆ. ಬಿಸಿಗೆ ಹಿಗ್ಗಿದಾಗ ತುದಿಗಳು ಬೇರೆಯಾಗುತ್ತವೆ, ಆರಿದಾಗ ಮತ್ತೆ ತಾಗುತ್ತವೆ.

ಸುರುಳಿ ಇರುವ ಸೆನ್ಸರ್‌ಗೆ ಸಾಮಾನ್ಯವಾಗಿ ಎರಡು ವೈರು. ಕೆಲವಕ್ಕೆ ಹೊದಿಕೆಯ ಜಾಲರಿ ಸೇರಿ ಮೂರು. ಕಪ್ಲರ್ (ವೈರು ಸಿಕ್ಕಿಸುವ ಪ್ಲಗ್ಗು) ಬಿಚ್ಚಿ ಓಮ್ಸ್ ಅಳೆಯಿರಿ. ತಯಾರಕರಿಗೆ ತಕ್ಕಂತೆ ಸುಮಾರು 200ರಿಂದ 1500 ಓಮ್ಸ್ ನಡುವೆ ಬರುತ್ತದೆ. ತಣ್ಣಗಿದ್ದಾಗಿನ ಓದಿಗೆ ಬೆಲೆಯಿಲ್ಲ. ಮೀಟರ್ ಹಚ್ಚಿಕೊಂಡೇ ಹೇರ್ ಡ್ರೈಯರ್‌ನಿಂದ ಸೆನ್ಸರನ್ನು ಬಿಸಿ ಮಾಡಿ. ಓದು ಮೆಲ್ಲಗೆ ಏರುವುದು ಸಹಜ. ಒಮ್ಮೆಗೇ ಮಾಯವಾದರೆ ಅಥವಾ ಕುಣಿದಾಡಿದರೆ ಸೆನ್ಸರ್ ಹೋಗಿದೆ. ಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ ಸೆಲ್ಫ್ ಹೊಡೆದರೆ ಅರ್ಧ ವೋಲ್ಟ್‌ಗಿಂತ ಹೆಚ್ಚು ಬರುವುದು ಒಳ್ಳೆಯ ಲಕ್ಷಣ.

ಸುರುಳಿಯ ಬದಲು ಎಲೆಕ್ಟ್ರಾನಿಕ್ ಚಿಪ್ ಇರುವ ಹಾಲ್ ಸೆನ್ಸರಾದರೆ ಮೂರು ವೈರು: ಕರೆಂಟು, ಅರ್ತ್, ಸಿಗ್ನಲ್. ಅದಕ್ಕೆ ಓಮ್ಸ್ ಹಚ್ಚಬೇಡಿ, ಕೆಡಬಹುದು. ಕಪ್ಲರ್ ಹಾಕಿದ ಹಾಗೇ ಹಿಂದಿನಿಂದ ಪಿನ್ ತೂರಿಸಿ, ಎಂಜಿನ್ನನ್ನು ಕೈಯಿಂದ ತಿರುಗಿಸುತ್ತ ಸಿಗ್ನಲ್ ಸೊನ್ನೆಯಿಂದ 5 ಅಥವಾ 12 ವೋಲ್ಟ್‌ಗೆ ಏರಿಳಿಯುತ್ತದೆಯೇ ನೋಡಿ.

ಬಿಚ್ಚಿದಾಗ ತುದಿಯ ಅಯಸ್ಕಾಂತದ ಮೇಲೆ ಕಬ್ಬಿಣದ ಪುಡಿ ಕಪ್ಪು ಮೀಸೆಯಂತೆ ಮೆತ್ತಿಕೊಂಡಿರುವುದನ್ನು ಕಾಣುತ್ತೀರಿ. ಬಟ್ಟೆಯಿಂದ ಪೂರ್ತಿ ಒರೆಸಿ. ಹಲ್ಲಿನ ಚಕ್ರಕ್ಕೂ ಸೆನ್ಸರ್‌ಗೂ ನಡುವೆ ಸಾಮಾನ್ಯವಾಗಿ 0.5ರಿಂದ 1.5 ಮಿಲಿಮೀಟರ್ ಅಂತರ ಇರುತ್ತದೆ.

ರಿಲೇ ಒಳಗೆ ಏನು ಕೆಡುತ್ತದೆ? ಟಿಕ್ ಅನ್ನುತ್ತದಲ್ಲ!

ಟಿಕ್ ಅಂದರೆ ಒಳಗಿನ ಕಾಯಿಲ್ ಎಳೆಯಿತು ಎಂದಷ್ಟೇ. ಕಾಂಟ್ಯಾಕ್ಟ್ ಪಾಯಿಂಟು ಸುಟ್ಟು ಕಪ್ಪಾಗಿದ್ದರೆ ಸದ್ದು ಬಂದರೂ ಕರೆಂಟು ದಾಟದು.

ಹೆಚ್ಚಾಗಿ ಕಾಡುವುದು ಬೆಸುಗೆಯ ಬಿರುಕು. 80 ಮತ್ತು 90ರ ದಶಕದ ಹಲವು ಜಪಾನೀ ಕಾರುಗಳ ಮೇನ್ ರಿಲೇ ಇದಕ್ಕೇ ಹೆಸರುವಾಸಿ. ಬಿಸಿಲಲ್ಲಿ ನಿಂತ ಕಾರು ಸ್ಟಾರ್ಟ್ ಆಗದು, ಕಿಟಕಿ ತೆರೆದು ಒಳಗೆ ತಂಪಾದರೆ ಆಗುತ್ತದೆ. ರಿಲೇಯ ಪ್ಲಾಸ್ಟಿಕ್ ಮುಚ್ಚಳದ ಕೊಂಡಿಗಳನ್ನು ಸಣ್ಣ ಸ್ಕ್ರೂಡ್ರೈವರ್‌ನಿಂದ ಎಬ್ಬಿಸಿ ತೆಗೆಯಿರಿ. ಸರ್ಕ್ಯೂಟ್ ಬೋರ್ಡನ್ನು ಬೆಳಕಿಗೆ ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ಒಂದೊಂದೇ ಪಿನ್ನಿನ ಬುಡ ನೋಡುತ್ತ ಬನ್ನಿ. ಒಳ್ಳೆಯ ಬೆಸುಗೆ ಪಿನ್ನಿಗೆ ಅಂಟಿಕೊಂಡು ಹೊಳೆಯುತ್ತದೆ. ಕೆಟ್ಟದ್ದರಲ್ಲಿ ಪಿನ್ನಿನ ಸುತ್ತ ಕೂದಲಿನಷ್ಟು ತೆಳುವಾದ ಕಪ್ಪು ಉಂಗುರ ಕಾಣುತ್ತದೆ. ಪಿನ್ನನ್ನು ಮೆಲ್ಲಗೆ ಅಲುಗಿಸಿದರೆ ಉಂಗುರದೊಳಗೆ ಅದು ಅಲ್ಲಾಡುವುದೂ ಉಂಟು. ಹಳೆಯ ಬೆಸುಗೆ ಹೀರಿ ತೆಗೆದು, ರಾಳ ಇರುವ ಸಾಲ್ಡರ್‌ನಿಂದ ಹೊಸದಾಗಿ ಬೆಸೆಯಿರಿ. ಕಾಂಟ್ಯಾಕ್ಟ್ ಪಾಯಿಂಟೇ ಸುಟ್ಟಿದ್ದರೆ ಉಜ್ಜಿ ಹಾಕಿದರೂ ಬಾಳಿಕೆ ಬರದು, ಹೊಸ ರಿಲೇ ಹಾಕಿ.

ರಿಲೇಯೇ ಕಾರಣವೇ ಎಂದು ಖಚಿತಪಡಿಸಿಕೊಳ್ಳಲು ಪಂಪ್ ರಿಲೇ ತೆಗೆದು ಸಾಕೆಟ್ಟಿನ 30 ಮತ್ತು 87ನೆಯ ಪಿನ್‌ಗಳನ್ನು 15 ಆಂಪಿಯರ್ ಫ್ಯೂಸ್ ಇರುವ ವೈರಿನಿಂದ ಜೋಡಿಸಬಹುದು. ಇದು ಪರೀಕ್ಷೆಗಷ್ಟೇ. ಹಾಗೇ ಬಿಟ್ಟು ಓಡಿಸಿದರೆ ಅಪಘಾತವಾದಾಗ ಪಂಪು ನಿಲ್ಲುವುದಿಲ್ಲ, ಬೆಂಕಿಗೆ ದಾರಿಯಾಗುತ್ತದೆ.

ಇಗ್ನಿಷನ್ ಸ್ವಿಚ್ ಮತ್ತು ಅರ್ತ್ ನೋಡುವುದು ಹೇಗೆ?

ಕಾರು ನಿಲ್ಲಿಸಿ, ಎಂಜಿನ್ ಓಡುತ್ತಿರುವಾಗ ಕೀಯನ್ನು ಆನ್ ಸ್ಥಾನದಲ್ಲೇ ಸಣ್ಣಗೆ ಅಲುಗಿಸಿ, ಕೆಳಕ್ಕೆ ಎಳೆಯಿರಿ. ಎಂಜಿನ್ ತೊದಲಿದರೆ, ಡ್ಯಾಶ್ ಲೈಟು ಮಿಣುಕಿದರೆ ಸ್ವಿಚ್ಚಿನ ಹಿಂಭಾಗದ ಕಾಂಟ್ಯಾಕ್ಟ್ ಬ್ಲಾಕ್ ಸವೆದಿದೆ. ಭಾರದ ಕೀಗೊಂಚಲು ಇದ್ದರೆ ಇವತ್ತೇ ತೆಗೆಯಿರಿ.

ಅರ್ತ್‌ಗೆ ಕಣ್ಣಿನ ಪರೀಕ್ಷೆ ಸಾಲದು, ಓಮ್ಸ್ ಕೂಡ ಮೋಸ ಮಾಡುತ್ತದೆ. ಒಂದೇ ಎಳೆ ಉಳಿದ ವೈರೂ ಸೊನ್ನೆ ಓಮ್ಸ್ ತೋರಿಸುತ್ತದೆ. ಎಂಜಿನ್ ಓಡುತ್ತ, ಹೆಡ್‌ಲೈಟು ಮತ್ತು ಬ್ಲೋವರ್ ಆನ್ ಇರುವಾಗ ವೋಲ್ಟ್ ಅಳೆಯುವ ಮೀಟರಿನ ಒಂದು ಪ್ರೋಬನ್ನು ಬ್ಯಾಟರಿಯ ಮೈನಸ್ ಕಂಬಕ್ಕೇ, ಇನ್ನೊಂದನ್ನು ಎಂಜಿನ್ ಬ್ಲಾಕಿಗೆ ಒತ್ತಿ. 0.2 ವೋಲ್ಟ್‌ಗಿಂತ ಕಡಿಮೆ ಬರಬೇಕು. ಹೀಗೇ ಬಾಡಿಗೆ, ಇಸಿಯುವಿನ ಅರ್ತ್ ಬೋಲ್ಟಿಗೆ. ಹೆಚ್ಚು ಬಂದ ಕಡೆ ಬೋಲ್ಟು ಬಿಚ್ಚಿ, ಲೋಹ ಹೊಳೆಯುವವರೆಗೆ ಉಜ್ಜಿ ಬಿಗಿಯಿರಿ.

ಚಾರ್ಜಿಂಗ್ 13.8ರಿಂದ 14.5 ವೋಲ್ಟ್ ನಡುವೆ ಇರಲಿ. ಬ್ಯಾಟರಿ ಟರ್ಮಿನಲ್ ಕೈಯಲ್ಲಿ ತಿರುಗಿಸಿದರೆ ತಿರುಗಬಾರದು. ಎಷ್ಟೋ ಕಾರುಗಳ ರೋಗ ಇಷ್ಟೇ ಆಗಿರುತ್ತದೆ.

ವೈರಿಂಗ್ ಹಾರ್ನೆಸ್ ನೋಡುವಾಗ ಎಂಜಿನ್ ಐಡ್ಲಿಂಗಿನಲ್ಲಿರಲಿ. ಒಂದು ಕಪ್ಲರ್ ಹಿಡಿದು ಅಲುಗಿಸಿ, ಎರಡು ಸೆಕೆಂಡು ಕಾಯಿರಿ, ಮುಂದಿನದಕ್ಕೆ ಹೋಗಿ. ಎಲ್ಲವನ್ನೂ ಒಟ್ಟಿಗೆ ಎಳೆದಾಡಿದರೆ ಆಫ್ ಆದದ್ದು ಯಾವುದರಿಂದ ಎಂದು ತಿಳಿಯುವುದಿಲ್ಲ. ಫ್ಯಾನಿಗೂ ಬೆಲ್ಟಿಗೂ ತೋಳು ಸಿಗದಂತೆ ಎಚ್ಚರ.

ಪೆಟ್ರೋಲ್ ಸಾಲುತ್ತಿಲ್ಲ ಎಂಬ ಅನುಮಾನ. ಪಂಪೋ ಫಿಲ್ಟರೋ?

ಪ್ರೆಶರ್ ಗೇಜ್ ಇಲ್ಲದೆ ಉತ್ತರ ಹೇಳಲಾಗದು. ಗೇಜ್ ಜೋಡಿಸುವ ಮೊದಲು ಲೈನಿನ ಒತ್ತಡ ಇಳಿಸಿ: ಪಂಪಿನ ಫ್ಯೂಸ್ ತೆಗೆದು, ಎಂಜಿನ್ ತಾನೇ ನಿಲ್ಲುವವರೆಗೆ ಓಡಿಸಿ. ಬಿಚ್ಚುವ ಜಾಗಕ್ಕೆ ಬಟ್ಟೆ ಸುತ್ತಿ. ಎಂಜಿನ್ ಆರಿರಲಿ, ಹತ್ತಿರ ಬೆಂಕಿ, ಉರಿಯುವ ಬಲ್ಬಿನ ತೂಗುದೀಪ ಇರಬಾರದು, ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಂತಿರಲಿ.

ಪ್ರತಿ ಸಿಲಿಂಡರಿಗೂ ಒಂದು ಇಂಜೆಕ್ಟರ್ ಇರುವ ಎಂಜಿನ್ನಿಗೆ ಒತ್ತಡ ಸಾಮಾನ್ಯವಾಗಿ 2.5ರಿಂದ 3.5 ಬಾರ್. ಥ್ರಾಟಲ್ ಬಾಡಿಯ ಮೇಲೆ ಒಂದೇ ಇಂಜೆಕ್ಟರ್ ಇದ್ದರೆ 1 ಬಾರ್ ಆಸುಪಾಸು. ಒತ್ತಡ ಹತೋಟಿಯಲ್ಲಿಡುವ ರೆಗ್ಯುಲೇಟರಿನ ವ್ಯಾಕ್ಯೂಮ್ ಹೋಸ್ ಕಿತ್ತರೆ ಸುಮಾರು ಅರ್ಧ ಬಾರ್ ಏರಬೇಕು. ಆ ಹೋಸಿನೊಳಗೆ ಪೆಟ್ರೋಲ್ ಹನಿ ಕಂಡರೆ ರೆಗ್ಯುಲೇಟರಿನ ಡಯಾಫ್ರಾಮ್ ಹರಿದಿದೆ.

ನಿಂತಲ್ಲೇ ಸರಿಯಾದ ಒತ್ತಡ ಬಂದರೆ ಸಮಾಧಾನಪಡಬೇಡಿ. ಗೇಜನ್ನು ಬಾನೆಟ್ ಅಡಿಯಿಂದ ಹೊರತಂದು ಗಾಜಿನ ಹೊರಗಡೆ ಅಂಟಿಸಿ ಓಡಿಸಿ ನೋಡಿ; ಪೆಟ್ರೋಲಿನ ಪೈಪು ಕಾರಿನ ಒಳಗೆ ಬರಲೇಬಾರದು. ಪಿಕಪ್ ಕುಗ್ಗುವಾಗ ಮುಳ್ಳೂ ಕುಸಿದರೆ ತಪ್ಪಿತಸ್ಥ ಸಿಕ್ಕ. ಆಮೇಲೆ ಪಂಪಿನ ಕಪ್ಲರ್‌ನಲ್ಲಿ, ಪಂಪು ಓಡುತ್ತಿರುವಾಗಲೇ ವೋಲ್ಟ್ ಅಳೆಯಿರಿ. ಬ್ಯಾಟರಿಯ ವೋಲ್ಟಿಗಿಂತ ಅರ್ಧ ವೋಲ್ಟಿಗೂ ಮೀರಿ ಕಡಿಮೆಯಿದ್ದರೆ ವೈರಿಂಗ್ ಸರಿಮಾಡದೆ ಹೊಸ ಪಂಪು ಹಾಕಿ ಫಲವಿಲ್ಲ. ಪಂಪು ಎಳೆಯುವ ಕರೆಂಟು ಸಾಮಾನ್ಯವಾಗಿ 4ರಿಂದ 8 ಆಂಪಿಯರ್. ಅದಕ್ಕಿಂತ ಹೆಚ್ಚಾದರೆ ಫಿಲ್ಟರ್ ಕಟ್ಟಿದೆ ಅಥವಾ ಪಂಪು ಒಳಗೆ ಹಿಡಿಯುತ್ತಿದೆ.

ಫಿಲ್ಟರ್ ಬಿಚ್ಚಿದಾಗ, ಪಂಪಿನ ಕಡೆಯ ಬಾಯಿಯಿಂದ ಒಳಗಿರುವ ಪೆಟ್ರೋಲನ್ನು ಬಿಳಿ ಬಟ್ಟಲಿಗೆ ಸುರಿಯಿರಿ. ಚಹಾ ಬಣ್ಣದ ನೀರು, ತಳದಲ್ಲಿ ತುಕ್ಕಿನ ಪುಡಿ ಕಂಡರೆ ಟ್ಯಾಂಕಿನೊಳಗಿನ ಜಾಲರಿಯೂ ಕಟ್ಟಿದೆ. ಓಡುವಾಗ ಕಸ ಜಾಲರಿಗೆ ಅಂಟುತ್ತದೆ, ನಿಂತ ಮೇಲೆ ಕೆಳಗೆ ಕೂರುತ್ತದೆ. ಹತ್ತು ನಿಮಿಷದ ಬಳಿಕ ಕಾರು ಮತ್ತೆ ಓಡುವುದಕ್ಕೆ ಇದೂ ಒಂದು ಕಾರಣ. ಪಂಪಿನ ಸದ್ದೇ ಇಲ್ಲದಿದ್ದಾಗ ಟ್ಯಾಂಕಿನ ತಳಕ್ಕೆ ರಬ್ಬರ್ ಸುತ್ತಿಗೆಯಿಂದ ತಟ್ಟಿ. ಜೀವ ಬಂದರೆ ಪಂಪಿನ ಬ್ರಷ್ ಸವೆದಿದೆ, ದಿನ ಎಣಿಸುತ್ತಿದೆ.

ನಿಂತ ಕೂಡಲೇ ಟ್ಯಾಂಕಿನ ಮುಚ್ಚಳ ತೆರೆದು ಸುಂಯ್ ಎಂದು ಗಾಳಿ ಒಳಗೆ ಎಳೆದುಕೊಂಡು, ಆಮೇಲೆ ಕಾರು ಚೆನ್ನಾಗಿ ಓಡಿದರೆ ಗಾಳಿಯಾಡುವ ದಾರಿ ಕಟ್ಟಿದೆ.

ಸಿಗ್ನಲ್‌ನಲ್ಲಿ ನಿಲ್ಲಿಸುವಾಗ ಮಾತ್ರ ಆಫ್ ಆಗುತ್ತದೆ. ಎಸಿ ಹಾಕಿದರೆ ಇನ್ನೂ ಹೆಚ್ಚು.

ಕಾಲು ತೆಗೆದಾಗ ಥ್ರಾಟಲ್ ಪ್ಲೇಟ್ ಮುಚ್ಚುತ್ತದೆ, ಎಂಜಿನ್ ಉಸಿರಾಡುವುದು ಐಡಲ್ ವಾಲ್ವಿನ ಸಣ್ಣ ದಾರಿಯಿಂದ. ಅಲ್ಲಿ ಮಸಿ ಕಟ್ಟಿದರೆ ವಾಲ್ವು ಸಮಯಕ್ಕೆ ತೆರೆಯದು. ವಾಲ್ವು ಬಿಚ್ಚಿ, ಥ್ರಾಟಲ್ ಕ್ಲೀನರ್ ಮತ್ತು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಪ್ಲೇಟಿನ ಅಂಚು, ವಾಲ್ವಿನ ದಾರಿ ಎರಡನ್ನೂ ಉಜ್ಜಿ. ವಾಲ್ವಿನ ಮೋಟರ್ ಇರುವ ಕಡೆಗೆ ಕ್ಲೀನರ್ ಇಳಿಯದಿರಲಿ. ಪ್ಲೇಟಿನ ಸ್ಟಾಪ್ ಸ್ಕ್ರೂವನ್ನು ತಿರುಗಿಸಿ ಐಡ್ಲಿಂಗ್ ಏರಿಸಬೇಡಿ. ಅದು ರೋಗ ಮುಚ್ಚಿಡುವ ಕೆಲಸ, ಥ್ರಾಟಲ್ ಸೆನ್ಸರಿನ ಲೆಕ್ಕವೂ ತಪ್ಪುತ್ತದೆ. ಬಿಸಿ ಎಂಜಿನ್ನಿನ ಐಡ್ಲಿಂಗ್ ಹೆಚ್ಚಿನ ಕಾರುಗಳಲ್ಲಿ 700ರಿಂದ 900 ಆರ್‌ಪಿಎಂ.

ಮುಂದಿನದು ಗಾಳಿ ಸೋರಿಕೆ. ಬ್ರೇಕ್ ಬೂಸ್ಟರ್ ಹೋಸ್, ಎಂಜಿನ್ನೊಳಗಿನ ಆವಿಯನ್ನು ಇನ್‌ಟೇಕ್‌ಗೆ ಒಯ್ಯುವ ಪಿಸಿವಿ ಹೋಸಿನ ಅಡಿಭಾಗ, ಇನ್‌ಟೇಕ್ ಗ್ಯಾಸ್ಕೆಟ್, ಏರ್ ಫಿಲ್ಟರಿನಿಂದ ಬರುವ ಸುಕ್ಕು ಪೈಪಿನ ಮಡಿಕೆಗಳು. ಮಡಿಕೆಯನ್ನು ಕೈಯಿಂದ ಹಿಗ್ಗಿಸಿದರೆ ಮಾತ್ರ ಬಿರುಕು ಕಾಣುತ್ತದೆ. ಬಿಸಿ ಎಂಜಿನ್ ಮೇಲೆ ಕ್ಲೀನರ್ ಚಿಮುಕಿಸಿ ನೋಡುವವರಿದ್ದಾರೆ, ಬೆಂಕಿಯ ಅಪಾಯವಿದೆ. ಹೊಗೆ ಊದಿ ಸೋರಿಕೆ ತೋರಿಸುವ ಯಂತ್ರ ಒಳ್ಳೆಯದು. ಸ್ಕ್ಯಾನರ್ ಇದ್ದರೆ ಫ್ಯುಯಲ್ ಟ್ರಿಮ್ (ಇಸಿಯು ಪೆಟ್ರೋಲನ್ನು ಎಷ್ಟು ಏರಿಸುತ್ತಿದೆ, ಇಳಿಸುತ್ತಿದೆ ಎಂಬ ಅಂಕಿ) ನೋಡಿ. ಐಡ್ಲಿಂಗಿನಲ್ಲಿ ಶೇ. 20ರಷ್ಟು ಏರಿದ್ದು 2500 ಆರ್‌ಪಿಎಂನಲ್ಲಿ ಸಹಜಕ್ಕೆ ಬಂದರೆ ಅದು ಗಾಳಿ ಸೋರಿಕೆ. ತಿರುಗಾಮುರುಗಾ, ವೇಗ ಏರಿದಷ್ಟೂ ಟ್ರಿಮ್ ಏರಿದರೆ ಪೆಟ್ರೋಲ್ ಕೊರತೆ ಅಥವಾ ಕೊಳೆಯಾದ ಏರ್ ಫ್ಲೋ ಸೆನ್ಸರ್.

ಥ್ರಾಟಲ್ ಸೆನ್ಸರ್ ಮುಚ್ಚಿದಾಗ ಸುಮಾರು 0.5, ಪೂರ್ತಿ ತೆರೆದಾಗ ಸುಮಾರು 4.5 ವೋಲ್ಟ್ ಕೊಟ್ಟು, ನಡುವೆ ಎಲ್ಲೂ ಕಡಿಯದೆ ಏರಬೇಕು. ಕೂಲೆಂಟ್ ಸೆನ್ಸರ್ 20 ಡಿಗ್ರಿಯಲ್ಲಿ ಸಾಮಾನ್ಯವಾಗಿ 2ರಿಂದ 3 ಕಿಲೋ ಓಮ್ಸ್, 80 ಡಿಗ್ರಿಯಲ್ಲಿ 300 ಓಮ್ಸ್ ಆಸುಪಾಸು. ಎಕ್ಸಾಸ್ಟ್ ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಬಿಡುವ ಇಜಿಆರ್ ವಾಲ್ವು ತೆರೆದೇ ಉಳಿದರೂ ಐಡ್ಲಿಂಗಿನಲ್ಲಿ ಆಫ್ ಆಗಿ, ವೇಗದಲ್ಲಿ ಚೆನ್ನಾಗಿ ಓಡುತ್ತದೆ. ಸ್ಪೀಡ್ ಸೆನ್ಸರ್ ಕೆಟ್ಟರೆ ಕೆಲವು ಕಾರುಗಳಲ್ಲಿ ಕಾರು ನಿಲ್ಲುತ್ತಿದೆ ಎಂಬುದೇ ಇಸಿಯುವಿಗೆ ತಿಳಿಯದು. ಸ್ಪೀಡೋಮೀಟರ್ ಮುಳ್ಳು ಕುಣಿಯುತ್ತಿದ್ದರೆ ಅದನ್ನೂ ನೋಡಿ.

ಆಟೋಮ್ಯಾಟಿಕ್ ಕಾರು, ಬ್ರೇಕ್ ಹಾಕಿ ನಿಲ್ಲಿಸುವಾಗ ಜರ್ಕ್ ಹೊಡೆದು ನಿಲ್ಲುತ್ತದೆ.

ಕ್ಲಚ್ ಒತ್ತದೆ ಕಾರು ನಿಲ್ಲಿಸಿದ ಹಾಗೆ ಅನಿಸಿದರೆ ಟಾರ್ಕ್ ಕನ್ವರ್ಟರಿನ ಲಾಕಪ್ (ಎಂಜಿನ್ನನ್ನೂ ಗೇರ್ ಬಾಕ್ಸನ್ನೂ ನೇರವಾಗಿ ಹಿಡಿದಿಡುವ ಒಳಗಿನ ಕ್ಲಚ್) ಬಿಡುತ್ತಿಲ್ಲ. ನ್ಯೂಟ್ರಲ್‌ಗೆ ಹಾಕಿಕೊಂಡು ನಿಲ್ಲಿಸಿದರೆ ಆಫ್ ಆಗದು. ಲಾಕಪ್ ಸೊಲೆನಾಯ್ಡಿನ ಕಪ್ಲರ್ ತೆಗೆದು ಓಡಿಸಿ, ತೊಂದರೆ ಹೋದರೆ ಎಂಜಿನ್ನನ್ನು ಮುಟ್ಟಬೇಡಿ.

ಪೆಟ್ರೋಲ್ ಹಾಕಿಸಿದ ಕೂಡಲೇ ತೊಂದರೆ, ಮಿಕ್ಕ ಹೊತ್ತು ಸರಿ.

ಟ್ಯಾಂಕಿನ ಆವಿಯನ್ನು ಎಂಜಿನ್ನಿಗೆ ಬಿಡುವ ಪರ್ಜ್ ವಾಲ್ವು ತೆರೆದೇ ಉಳಿದಿದೆ. ಬಿಚ್ಚಿ, ಕರೆಂಟು ಕೊಡದೆ ಊದಿ. ಗಾಳಿ ದಾಟಬಾರದು. ಬಾಯಿ ಹಚ್ಚದೆ ತುಂಡು ಪೈಪು ಬಳಸಿ.

ಮಳೆಯಲ್ಲಿ, ತೇವದ ಬೆಳಗಿನಲ್ಲಿ ಮಾತ್ರ ಮಿಸ್ ಹೊಡೆದು ನಿಲ್ಲುತ್ತದೆ.

ಹೈ ಟೆನ್ಷನ್ ಕರೆಂಟು ಸೋರುತ್ತಿದೆ. ಕತ್ತಲಲ್ಲಿ ಬಾನೆಟ್ ತೆರೆದು, ಎಂಜಿನ್ ಓಡುವಾಗ ಪ್ಲಗ್ ವೈರು, ಕಾಯಿಲ್, ಡಿಸ್ಟ್ರಿಬ್ಯೂಟರ್ ಕ್ಯಾಪಿನ ಮೇಲೆ ಮಂಜಿನಷ್ಟು ಸಣ್ಣಗೆ ನೀರು ಚಿಮುಕಿಸಿ. ನೀಲಿ ಎಳೆಗಳು ಹರಿದಾಡುವುದು ಕಣ್ಣಿಗೇ ಕಾಣುತ್ತದೆ. ಕ್ಯಾಪಿನ ಒಳಗೆ ಪೆನ್ಸಿಲ್ ಗೆರೆಯಂಥ ಕಪ್ಪು ದಾರಿ ಇದ್ದರೆ ಕ್ಯಾಪು, ರೋಟರ್ ಎರಡನ್ನೂ ಬದಲಿಸಿ. ಆಗ ಏನನ್ನೂ ಕೈಯಿಂದ ಮುಟ್ಟಬೇಡಿ.

ಬಿಸಿಗೆ ಕೆಡುವ ಕಾಯಿಲ್ ಬೇರೆ ಬಗೆ. ಕಾರು ನಿಂತು ಸ್ಪಾರ್ಕ್ ಇಲ್ಲ ಎಂದು ಖಚಿತವಾದ ಮೇಲೆ, ಕೀ ಆಫ್ ಮಾಡಿ ಕಾಯಿಲ್‌ಗೆ ಹಿಂಡಿದ ಒದ್ದೆ ಬಟ್ಟೆ ಎರಡು ನಿಮಿಷ ಸುತ್ತಿ, ತೆಗೆದು ಒರೆಸಿ ಸೆಲ್ಫ್ ಹೊಡೆಯಿರಿ. ಆಗಲೇ ಸ್ಟಾರ್ಟ್ ಆದರೆ ಕಾಯಿಲ್ ಬದಲಿಸಿ. ಇಗ್ನೈಟರ್ ಬದಲಿಸುವಾಗ ಅಡಿಗೆ ಬಿಸಿ ದಾಟಿಸುವ ಪೇಸ್ಟ್ ಹಚ್ಚದಿದ್ದರೆ ಹೊಸದೂ ಬೇಗ ಸುಡುತ್ತದೆ.

ಸ್ಟಾರ್ಟ್ ಆಗಿ ಎರಡೇ ಸೆಕೆಂಡಿಗೆ ನಿಲ್ಲುತ್ತದೆ, ಪ್ರತಿ ಸಲ ಅಷ್ಟೇ ಹೊತ್ತು.

ಅಷ್ಟು ಕರಾರುವಾಕ್ಕಾಗಿ ನಿಂತರೆ ಇಮೊಬಿಲೈಸರ್ (ಕಳ್ಳತನ ತಡೆಯುವ ವ್ಯವಸ್ಥೆ) ಕೀಯನ್ನು ಗುರುತಿಸುತ್ತಿಲ್ಲ. ಡ್ಯಾಶಿನ ಕೀ ಚಿಹ್ನೆ ಮಿಣುಕುತ್ತದೆಯೇ ನೋಡಿ, ಎರಡನೆಯ ಕೀ ಹಾಕಿ ನೋಡಿ. ಹೊರಗಿನಿಂದ ತಂದು ಜೋಡಿಸಿದ ಅಲಾರಂ ಇದ್ದರೆ, ಪಂಪು ಅಥವಾ ಇಗ್ನಿಷನ್ ವೈರು ಕತ್ತರಿಸಿ ಅದರ ರಿಲೇಯನ್ನು ನಡುವೆ ಸೇರಿಸಿರುತ್ತಾರೆ. ಆ ಜೋಡಣೆಗಳನ್ನು ತೆಗೆದು ಮೂಲ ವೈರಿಂಗ್‌ಗೆ ತನ್ನಿ.

ಕ್ರ್ಯಾಂಕ್ ಸೆನ್ಸರ್, ರಿಲೇ, ಪಂಪು ಎಲ್ಲ ಒಟ್ಟಿಗೇ ಬದಲಿಸಿದರೆ ಆಗದೇ?

ರಿಲೇ ಮತ್ತು ಫಿಲ್ಟರ್ ಹಳತಾಗಿದ್ದರೆ ಹೇಗೂ ಬದಲಿಸಿ, ತಕರಾರಿಲ್ಲ. ಮಿಕ್ಕದ್ದು ಬೇಡ. ಬದಲಿಸುವ ಗಲಾಟೆಯಲ್ಲಿ ಕಪ್ಲರ್ ಅಲುಗಿ ಲೂಸ್ ಕನೆಕ್ಷನ್ ಎರಡು ವಾರ ಸರಿಹೋಗುತ್ತದೆ. ಹೊಸ ಭಾಗವೇ ವಾಸಿ ಮಾಡಿತು ಎಂದುಕೊಳ್ಳುತ್ತೀರಿ, ಆಮೇಲೆ ಮತ್ತೆ ಶುರು. ಅಗ್ಗದ ನಕಲಿ ಕ್ರ್ಯಾಂಕ್ ಸೆನ್ಸರ್ ಆದರೆ ಒಂದು ದೋಷದ ಜಾಗದಲ್ಲಿ ಎರಡಾಗುತ್ತವೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಹಳೆಯದನ್ನು ಎಸೆಯಬೇಡಿ, ತಾರೀಖು ಬರೆದಿಡಿ.

ಸರಿಹೋಯಿತು ಎಂದು ಯಾವಾಗ ನಂಬಬಹುದು?

ಪುಸ್ತಕ ತೆಗೆದು, ಎರಡು ಸಲ ಆಫ್ ಆದದ್ದರ ನಡುವೆ ಅತಿ ಹೆಚ್ಚು ದಿನ ಎಷ್ಟಿತ್ತು ನೋಡಿ. ಅದರ ಮೂರರಷ್ಟು ದಿನ, ಅದೇ ಬಿಸಿ, ಅದೇ ರಸ್ತೆ, ಟ್ಯಾಂಕಿನಲ್ಲಿ ಅಷ್ಟೇ ಪೆಟ್ರೋಲ್ ಇಟ್ಟುಕೊಂಡು ಓಡಿಸಿ. ಅಲ್ಲಿಯವರೆಗೆ ಬಲ್ಬುಗಳು ಡ್ಯಾಶ್‌ಬೋರ್ಡ್ ಮೇಲೇ ಇರಲಿ. ಸಾಧ್ಯವಾದರೆ ತೆಗೆದ ಭಾಗವನ್ನು ಮೇಜಿನ ಮೇಲೆ ಬಿಸಿ ಮಾಡಿ ದೋಷ ಕಣ್ಣಾರೆ ನೋಡಿಕೊಳ್ಳಿ. ಮೀಟರಿನಲ್ಲಿ ಓದು ಮಾಯವಾದದ್ದನ್ನು ಕಂಡ ಮೇಲೆ ಬಲ್ಬು ಬಿಚ್ಚಬಹುದು. ಬಿಚ್ಚಿದ ಜಾಗದಲ್ಲಿ ವೈರಿನ ಹೊದಿಕೆ ಕತ್ತರಿಸಿದ್ದರೆ ಬೆಸೆದು, ಹೀಟ್ ಶ್ರಿಂಕ್ ತೋಳು ಹಾಕಿ ಮುಚ್ಚಿ.